ಕಾರಿನ ಕೆಂಪು ದೀಪ ಹೇಳುವುದೇನು?

ಪರಿಚಿತ ಅಧ್ಯಾಪಕರೊಬ್ಬರ ಜೊತೆ ಬೆಂಗಳೂರಿನ ತಿಲಕ್ ನಗರದ ಒಂದು ಪುಟ್ಟ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿದ್ದೆ. ಅವರ ಹಳೆಯ ಕಾರಿನಲ್ಲಿ ಬ್ಯಾಟರಿ ಚಿತ್ರವಿರುವ ಕೆಂಪು ದೀಪ ಎಂಜಿನ್ ಓಡುತ್ತಿದ್ದರೂ ಆರುತ್ತಿರಲಿಲ್ಲ. ಬ್ಯಾಟರಿ ಕೆಟ್ಟಿದೆ ಎಂಬ ಯಾರದೋ ಮಾತು ಕೇಳಿ ಎರಡು ದಿನದ ಹಿಂದಷ್ಟೇ ಹೊಸದನ್ನು ಹಾಕಿಸಿದ್ದರು. ಅಂಗಡಿಯಾತ ಬಾನೆಟ್ ಎತ್ತಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಒಣಹಾಕಿದ ಬಟ್ಟೆಯ ಹಗ್ಗದಂತೆ ಜಗ್ಗಿತು. ಬೆಲ್ಟ್ ಬಿಗಿ ಮಾಡಿದೊಡನೆ ದೀಪ ಆರಿತು. ಬ್ಯಾಟರಿಗೆ ಕೊಟ್ಟ ಹಣ ದಂಡ!

ಈ ತಪ್ಪು ತಿಳಿವಳಿಕೆಗೆ ಆ ಚಿತ್ರವೇ ಕಾರಣ. ದೀಪ ಹೇಳುತ್ತಿರುವುದು 'ಬ್ಯಾಟರಿ ಕೆಟ್ಟಿದೆ' ಎಂದಲ್ಲ, 'ಬ್ಯಾಟರಿಗೆ ವಿದ್ಯುತ್ ಬರುತ್ತಿಲ್ಲ' ಎಂದು. ಇದು ಹೀಗೇಕೆ ಎಂಬುದಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಆರಂಭದ ಅನೇಕ ಕಾರುಗಳಿಗೆ ಬ್ಯಾಟರಿಯ ಹಂಗೇ ಇರಲಿಲ್ಲ. ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದರು. ಕಿಡಿಯನ್ನು ಮ್ಯಾಗ್ನೆಟೊ ಕೊಡುತ್ತಿತ್ತು, ಬೆಳಕಿಗೆ ಅಸಿಟಿಲೀನ್ ಅನಿಲದ ದೀಪಗಳಿದ್ದವು. ಫ್ರಾನ್ಸಿನ ಪ್ಲಾಂಟೆ 1859ರಲ್ಲೇ ಸೀಸ-ಆಮ್ಲ ಬ್ಯಾಟರಿಯನ್ನು ರೂಪಿಸಿದ್ದರೂ, ಪೆಟ್ರೋಲ್ ಕಾರಿನಲ್ಲಿ ಅದಕ್ಕೆ ಕಾಯಂ ಸ್ಥಾನ ಸಿಕ್ಕಿದ್ದು 1912ರ ಕ್ಯಾಡಿಲಾಕ್ ಮಾದರಿಯಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ. 1913ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಡೈನಮೊ, ನಿಯಂತ್ರಕ, ದೀಪಗಳನ್ನು ಒಟ್ಟಾಗಿ ಮಾರಾಟಕ್ಕೆ ತಂದಿತು. ಈ ಬಾಷ್ ತಿಲಕ್ ನಗರಕ್ಕೆ ದೂರದ ಹೆಸರಲ್ಲ. 1951ರಲ್ಲಿ ಸ್ಥಾಪನೆಯಾಗಿ, ಪಕ್ಕದ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿದ 'ಮೈಕೋ' ಕಾರ್ಖಾನೆಗೆ ಅದೇ ಸಹಭಾಗಿ. 2008ರಲ್ಲಿ ಕಂಪನಿಯ ಹೆಸರೂ ಬಾಷ್ ಎಂದಾಯಿತು. ಬಡಾವಣೆಯ ಹೆಸರು ಮಾತ್ರ ಈಗಲೂ ಮೈಕೋ ಲೇಔಟ್.

ಡೈನಮೊ ಬಂದೊಡನೆ ಹೊಸ ತೊಡಕು ಹುಟ್ಟಿತು. ಎಂಜಿನ್ ನಿಧಾನವಾದಾಗ ಡೈನಮೊದ ವೋಲ್ಟೇಜು ಬ್ಯಾಟರಿಯದಕ್ಕಿಂತ ಕಡಿಮೆಯಾಗುತ್ತದೆ. ಆಗ ಬ್ಯಾಟರಿಯೇ ಡೈನಮೊಗೆ ವಿದ್ಯುತ್ ಹರಿಸಿ ಬರಿದಾಗುತ್ತದೆ. ಇದನ್ನು ತಡೆಯಲು 'ಕಟ್ ಔಟ್' ಎಂಬ ವಿದ್ಯುತ್ಕಾಂತ ಸ್ವಿಚ್ಚನ್ನು ಅಳವಡಿಸಿದರು. ಈ ಆಟ ಚಾಲಕನಿಗೆ ತಿಳಿಯಲೆಂದು ಕೆಲವು ಕಾರುಗಳಲ್ಲಿ ಆಮೀಟರ್ ಇಟ್ಟರು. ಇನ್ನು ಕೆಲವರಿಗೆ ಅದಕ್ಕಿಂತ ಅಗ್ಗದ ಉಪಾಯ ಹೊಳೆಯಿತು. ಒಂದು ಸಣ್ಣ ಬಲ್ಬಿನ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಡೈನಮೊಗೆ. ಎರಡೂ ಕಡೆ ವೋಲ್ಟೇಜು ಸಮನಾದರೆ ವಿಭವಾಂತರ ಸೊನ್ನೆ, ದೀಪ ಆರುತ್ತದೆ. ಡೈನಮೊ ಸೋತರೆ ಉರಿಯುತ್ತದೆ. ಬಲ್ಬು ಇಲ್ಲಿ ಬೆಳಕು ಕೊಡುವ ಸಾಧನಕ್ಕಿಂತ ಒಂದು ತಕ್ಕಡಿ. ತರಗತಿಯಲ್ಲಿ ವಿಭವಾಂತರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಡೈನಮೊ ಇದ್ದ ಹಳೆಯ ಅಂಬಾಸಡರ್ ಕಾರು ಸಿಗ್ನಲಿನಲ್ಲಿ ನಿಂತಾಗ ಈ ದೀಪ ಮಿಣುಕುತ್ತಿತ್ತು. ಅದು ದೋಷವಲ್ಲ.

1960ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಅಳವಡಿಸಿತು. ಅಗ್ಗದ ಸಿಲಿಕಾನ್ ಡಯೋಡುಗಳು ಇದನ್ನು ಸಾಧ್ಯವಾಗಿಸಿದವು. ಡೈನಮೊದಲ್ಲಿ ಉತ್ಪಾದನೆಯಾದ ವಿದ್ಯುತ್ತೆಲ್ಲ ಒಡಕು ಉಂಗುರ ಮತ್ತು ಬ್ರಷ್‌ಗಳ ಮೂಲಕ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ವಿದ್ಯುತ್ ಹುಟ್ಟುವ ಸುರುಳಿ ಸ್ಥಿರ. ತಿರುಗುವ ಕಾಂತಕ್ಕೆ ಬ್ರಷ್ ಮೂಲಕ ಕೆಲವೇ ಆಂಪಿಯರ್ ಕೊಟ್ಟರೆ ಸಾಕು. ಹುಟ್ಟಿದ ಪರ್ಯಾಯ ವಿದ್ಯುತ್ತನ್ನು ಡಯೋಡುಗಳು ನೇರ ವಿದ್ಯುತ್ತಾಗಿಸುತ್ತವೆ, ಹಿಂದಕ್ಕೆ ಹರಿಯದಂತೆ ತಡೆಯುವುದೂ ಅವೇ. ಕಟ್ ಔಟ್ ಮನೆಗೆ ಹೋಯಿತು!

ದೀಪಕ್ಕೆ ಮಾತ್ರ ಬಡ್ತಿ. ಎಂಜಿನ್ ಆಗಷ್ಟೇ ಶುರುವಾದಾಗ ಆ ವಿದ್ಯುತ್ಕಾಂತಕ್ಕೆ ಮೊದಲ ವಿದ್ಯುತ್ ಎಲ್ಲಿಂದ ಬರಬೇಕು? ಬ್ಯಾಟರಿಯಿಂದ, ಈ ಬಲ್ಬಿನ ತಂತುವಿನ ಮೂಲಕ. 12 ವೋಲ್ಟಿನ ಎರಡು-ಮೂರು ವ್ಯಾಟ್ ಬಲ್ಬು ಸುಮಾರು 0.2 ಆಂಪಿಯರ್ ಹರಿಯಬಿಡುತ್ತದೆ. ಬಲ್ಬು ಸುಟ್ಟುಹೋದರೆ ಹಲವು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸವನ್ನೇ ಆರಂಭಿಸದು. ಕೀಲಿ ತಿರುಗಿಸಿದಾಗ, ಎಂಜಿನ್ ಓಡುವ ಮುನ್ನ, ಈ ದೀಪ ಹೊತ್ತಿಕೊಳ್ಳಲೇಬೇಕು. ಹೊತ್ತಿಕೊಳ್ಳದಿದ್ದರೆ ಅದೇ ಮೊದಲ ಸುಳಿವು.

ತಿಲಕ್ ನಗರದ ಆ ಮೆಕ್ಯಾನಿಕ್ ಅನುಸರಿಸಿದ್ದು ಇದೇ ತರ್ಕವನ್ನು. ಮೊದಲು ಬೆಲ್ಟ್. ನಂತರ ಮೀಟರ್. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು ಸಾಮಾನ್ಯವಾಗಿ 13.8ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ಬ್ರಷ್ ಸವೆದಿರಬಹುದು, ನಿಯಂತ್ರಕ ಕೆಟ್ಟಿರಬಹುದು, ವೈರು ಸಡಿಲವಾಗಿರಬಹುದು. ದೀಪ ಮಂದವಾಗಿ ಉರಿಯುತ್ತಿದ್ದರೆ ಡಯೋಡಿನ ಮೇಲೆ ಅನುಮಾನ ಪಡಬೇಕು. ಬ್ಯಾಟರಿ ತುದಿಗಳ ಮೇಲೆ ಕಟ್ಟುವ ಬಿಳಿ-ಹಸಿರು ಪುಡಿಯನ್ನು, ತಂತಿಗಳನ್ನು ಕಳಚಿದ ಮೇಲೆ, ಅಡುಗೆ ಸೋಡಾದ ನೀರಿನಿಂದ ತೊಳೆಯಬಹುದು. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಳಚಿ 'ಪರೀಕ್ಷೆ' ಮಾಡುವವರು ಇನ್ನೂ ಇದ್ದಾರೆ. ಡೈನಮೊ ಕಾಲದ ಈ ಅಭ್ಯಾಸದಿಂದ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡುಗಳೂ ಕಂಪ್ಯೂಟರುಗಳೂ ಸುಟ್ಟುಹೋಗಬಹುದು.

ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ದೀಪ ಉರಿಸುವುದು ಕಂಪ್ಯೂಟರ್, ಬಲ್ಬಿನ ಜಾಗದಲ್ಲಿ ಎಲ್‌ಇಡಿ ಇದೆ. 2001ರಲ್ಲಿ ಬೆಂಗಳೂರಿನಿಂದಲೇ ಹೊರಬಂದ ರೇವಾದಂಥ ವಿದ್ಯುತ್ ಕಾರುಗಳಲ್ಲಿ ಆಲ್ಟರ್ನೇಟರೂ ಇಲ್ಲ, ಎಳೆಯಲು ಬೆಲ್ಟೂ ಇಲ್ಲ. ಇಂದಿನ ವಿದ್ಯುತ್ ಕಾರುಗಳಲ್ಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ತುಂಬಿಸುವುದು ದೊಡ್ಡ ಬ್ಯಾಟರಿಯೇ, ನಡುವೆ ಒಂದು ವೋಲ್ಟೇಜ್ ಪರಿವರ್ತಕ. ಅಲ್ಲಿಯೂ ಅದೇ ಕೆಂಪು ಚಿತ್ರ ಮೂಡಿದರೆ ಮೊದಲು ನೋಡಬೇಕಾದದ್ದು ಆ ಪರಿವರ್ತಕವನ್ನು.