ಸಂಭವಿಸದ ಅಪಘಾತದ ಪಾಠ

ಇತಿಹಾಸವೆಂದರೆ ನಡೆದುಹೋದ ಘಟನೆಗಳ ದಾಖಲೆ ಎಂಬುದು ರೂಢಿಯ ಮಾತು. ಆದರೆ ನಡೆದೇ ಬಿಡುತ್ತದೆ ಎನ್ನುವಷ್ಟರಲ್ಲಿ ಕೂದಲೆಳೆಯ ಅಂತರದಲ್ಲಿ ತಪ್ಪಿಹೋದ ಅನಾಹುತಗಳಿಗೂ ಅದರಲ್ಲಿ ಸ್ಥಾನವಿರಬೇಕು. ವಿಮಾನಯಾನದ ಚರಿತ್ರೆಯ ಎರಡು ಪ್ರಸಂಗಗಳು ಇದಕ್ಕೆ ಸಾಕ್ಷಿ.

ಮೊದಲು ಒಂದಿಷ್ಟು ವಿಜ್ಞಾನ. ರೆಕ್ಕೆಯ ಮೇಲೆ ಗಾಳಿಯು ನಯವಾಗಿ ಹರಿಯುತ್ತಿರುವವರೆಗೆ ಮಾತ್ರ ವಿಮಾನವನ್ನು ಎತ್ತಿಹಿಡಿಯುವ ಬಲ ದೊರೆಯುತ್ತದೆ. ವೇಗ ಸಾಲದೆ ಮೂತಿಯನ್ನು ಅತಿಯಾಗಿ ಎತ್ತಿದರೆ ಆ ಹರಿವು ಕಿತ್ತುಹೋಗಿ ಬಲವು ಕುಸಿಯುತ್ತದೆ. ಇದೇ ‘ಸ್ಟಾಲ್’, ಎಂಜಿನ್ ನಿಂತುಹೋಗುವುದಲ್ಲ. ಮೇಲೇರುವಾಗಿನ ಕಡಿಮೆ ವೇಗದಲ್ಲಿ ಇದನ್ನು ತಡೆಯಲೆಂದೇ ಬೋಯಿಂಗ್ 747ರಂಥ ವಿಮಾನಗಳ ರೆಕ್ಕೆಯ ಮುಂದಂಚಿನಿಂದ ಫ್ಲ್ಯಾಪ್‌ಗಳು ಹೊರಚಾಚಿಕೊಳ್ಳುತ್ತವೆ.

1974ರ ನವೆಂಬರ್ 20ರಂದು ಲುಫ್ತಾನ್ಸಾ ಸಂಸ್ಥೆಯ 747 ವಿಮಾನವೊಂದು ನೈರೋಬಿಯಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟಿತು. ಮುಂದಂಚಿನ ಫ್ಲ್ಯಾಪ್‌ಗಳನ್ನು ಚಲಿಸಬೇಕಾದ ಒತ್ತಡದ ಗಾಳಿಯ ಕವಾಟಗಳು ಮುಚ್ಚಿಯೇ ಇದ್ದವು, ಫ್ಲ್ಯಾಪ್‌ಗಳು ಹೊರಬರಲಿಲ್ಲ. ನೆಲ ಬಿಟ್ಟ ಕ್ಷಣಮಾತ್ರದಲ್ಲಿ ವಿಮಾನ ಕುಸಿದು, ಅದರಲ್ಲಿದ್ದ 157 ಜನರ ಪೈಕಿ 59 ಮಂದಿ ಅಸುನೀಗಿದರು. ಜೀವಹಾನಿಯಾದ ಮೊದಲ 747 ಅಪಘಾತವದು. ಅದಕ್ಕೂ ಮೊದಲೇ ಎರಡು ಬಾರಿ ಇಂಥದೇ ತೊಂದರೆ ವರದಿಯಾಗಿತ್ತು. ಆಗೆಲ್ಲ ವಿಮಾನಗಳು ಪಾರಾಗಿದ್ದವು. ಕವಾಟ ತೆರೆದಿಲ್ಲವೆಂದು ಎಚ್ಚರಿಸುವ ವ್ಯವಸ್ಥೆ ಸೇರ್ಪಡೆಯಾದದ್ದು ಸಾವು ಸಂಭವಿಸಿದ ಮೇಲೆ.

ಮೂವತ್ತನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 2009ರ ಮೇ 11ರ ರಾತ್ರಿ, ಅದೇ ಜೋಹಾನ್ಸ್‌ಬರ್ಗ್‌ನಿಂದ ಬ್ರಿಟಿಷ್ ಏರ್‌ವೇಸ್‌ನ 747-400 ವಿಮಾನವು ಲಂಡನ್ನಿಗೆ ಹೊರಟಿತು. ಆ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳು. ಈ ಸಲ ಫ್ಲ್ಯಾಪ್‌ಗಳು ಸರಿಯಾಗಿಯೇ ಹೊರಚಾಚಿದ್ದವು. ಆದರೆ ಓಟದ ನಡುವೆ, ಇಳಿದ ಮೇಲೆ ವೇಗ ತಗ್ಗಿಸಲು ಬಳಸುವ ಥ್ರಸ್ಟ್ ರಿವರ್ಸರ್‌ಗಳ ಬೀಗ ಕಳಚಿದೆಯೆಂಬ ಸುಳ್ಳು ಸಂಕೇತ ಬಂತು. ರಿವರ್ಸರ್‌ನ ಗಾಳಿಯ ಹೊಡೆತದಿಂದ ಫ್ಲ್ಯಾಪ್‌ಗಳನ್ನು ಕಾಪಾಡಲೆಂದು ರೂಪಿಸಿದ್ದ ವ್ಯವಸ್ಥೆ ಅದನ್ನು ನಂಬಿ, ಮುಂದಂಚಿನ ಬಹುಪಾಲು ಫ್ಲ್ಯಾಪ್‌ಗಳನ್ನು ತಾನಾಗಿಯೇ ಒಳಕ್ಕೆಳೆದುಕೊಂಡಿತು. ರಕ್ಷಣೆಗೆಂದು ಇಟ್ಟ ಸಾಧನವೇ ಕಂಟಕವಾದದ್ದು ಹೀಗೆ.

ನೆಲ ಬಿಡುತ್ತಲೇ ಸ್ಟಾಲ್ ಎಚ್ಚರಿಕೆಯಾಗಿ ಚಾಲಕರ ಕೈಯಲ್ಲಿನ ಚಾಲನಾದಂಡ ಗಡಗಡನೆ ನಡುಗತೊಡಗಿತು. ಆಗ ವಿಮಾನವನ್ನು ನಡೆಸುತ್ತಿದ್ದವರು ಸಹಚಾಲಕರು. ಅವರು ಗಾಬರಿಯಿಂದ ಮೂತಿಯನ್ನು ಮತ್ತಷ್ಟು ಎತ್ತಲಿಲ್ಲ. ನೆಲ ಸಮೀಪದಲ್ಲಿದ್ದರೂ ಸ್ಟಾಲ್ ಆಗದಷ್ಟೇ ಏರಿಕೆಯನ್ನು ಕಾಯ್ದುಕೊಂಡರು. ನೆಲ ಬಿಟ್ಟ ಬಳಿಕ ಫ್ಲ್ಯಾಪ್‌ಗಳು ತಾವಾಗಿಯೇ ಮರಳಿ ಹೊರಚಾಚಿದವು. ಇಂಧನವನ್ನು ಹೊರಚೆಲ್ಲಿ ಭಾರ ಇಳಿಸಿಕೊಂಡು ವಿಮಾನ ಅದೇ ನಿಲ್ದಾಣಕ್ಕೆ ಹಿಂದಿರುಗಿತು. ಯಾರಿಗೂ ಗಾಯವಾಗಲಿಲ್ಲ.

ಯಾರೂ ಸಾಯಲಿಲ್ಲವೆಂದು ದಕ್ಷಿಣ ಆಫ್ರಿಕಾದ ತನಿಖಾಧಿಕಾರಿಗಳು ಕಡತವನ್ನು ಮುಚ್ಚಲಿಲ್ಲ. ಕಾರಣವನ್ನು ಬುಡಮಟ್ಟ ಶೋಧಿಸಿದರು. ಮೇಲೇರುವ ಓಟದಲ್ಲಿ ಫ್ಲ್ಯಾಪ್‌ಗಳು ಹೀಗೆ ಒಳಸರಿಯದಂತೆ ಆನಂತರ ವಿನ್ಯಾಸವನ್ನೇ ತಿದ್ದಲಾಯಿತು.

ನೈರೋಬಿಯ ಪಾಠಕ್ಕೆ 59 ಜೀವಗಳ ಬೆಲೆ ತೆರಬೇಕಾಯಿತು. ಜೋಹಾನ್ಸ್‌ಬರ್ಗ್‌ನ ಪಾಠ ಜೀವಹಾನಿಯಿಲ್ಲದೆಯೇ ದಕ್ಕಿತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ವಿದ್ಯುತ್ ಕೇಂದ್ರಗಳಲ್ಲಿ ಹೊಣೆ ಹೊತ್ತಿದ್ದೀರಿ. ‘ಸದ್ಯ, ಏನೂ ಆಗಲಿಲ್ಲವಲ್ಲ’ ಎಂದು ನಿಟ್ಟುಸಿರುಬಿಟ್ಟ ದಿನವೇ, ಏನಾಗಬಹುದಿತ್ತು ಎಂಬುದನ್ನು ಬರೆದಿಡಿ. ನಿಮ್ಮ ಮುಂದಿನವರಿಗೆ ಆ ಬರಹವೇ ಎಚ್ಚರಿಕೆಯ ದೀಪ.