ನಿರ್ಬಂಧಕ ಕಿಣ್ವಗಳು
ಬ್ಯಾಕ್ಟೀರಿಯೊಫೇಜ್ ಎಂಬ ವೈರಸ್ ಬ್ಯಾಕ್ಟೀರಿಯಾದೊಳಗೆ ಸೇರಿಸುವ ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳು. ಇ. ಕೋಲಿಯ ಕೆಲವು ತಳಿಗಳಲ್ಲಿರುವ ಇಕೋ-ಆರ್‌ಐ ಕಿಣ್ವ ಜಿಎಎಟಿಟಿಸಿ ಸರಣಿ ಕಂಡಲ್ಲಿ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಅದೇ ಸರಣಿ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೂ ಇದೆ. ಆದರೆ ಜೊತೆಗಾರ ಮೀಥೈಲೇಸ್ ಕಿಣ್ವ ಅಲ್ಲಿನ ಅಡಿನೀನ್‌ಗೆ ಮೀಥೈಲ್ ಗುಂಪು ಜೋಡಿಸಿ ಕಾಪಾಡುತ್ತದೆ. ಫೇಜ್‌ಗಳ ವಿರುದ್ಧ ನಿರ್ಬಂಧಕ ಕಿಣ್ವ ಕೊಡುವ ರಕ್ಷಣೆ ಪೂರ್ಣವಲ್ಲ. ಕತ್ತರಿಸುವ ಮೊದಲೇ ಮೀಥೈಲ್ ಗುರುತು ಪಡೆದ ಕೆಲವು ಫೇಜ್‌ಗಳು ಉಳಿದುಕೊಳ್ಳುತ್ತವೆ, ಅವುಗಳ ಸಂತತಿ ಅದೇ ತಳಿಗೆ ಸಲೀಸಾಗಿ ಸೋಂಕು ತಗಲಿಸುತ್ತದೆ. ಈ ವಿಚಿತ್ರವನ್ನು 1950ರ ದಶಕದ ಆರಂಭದಲ್ಲಿ ಲೂರಿಯಾ, ಬರ್ಟಾನಿ ಮೊದಲಾದವರು ಗಮನಿಸಿದ್ದರು. ಮುಂದಿನ ದಶಕದಲ್ಲಿ ವರ್ನರ್ ಆರ್ಬರ್ ಅದರ ಕಾರಣ ವಿವರಿಸಿದರು. ಟಿ4 ಫೇಜ್‌ನ ಉಪಾಯ ಇನ್ನೂ ಗಮನಾರ್ಹ: ಸೈಟೊಸಿನ್ ಬದಲು ಗ್ಲೂಕೋಸ್ ಹೊತ್ತ ಹೈಡ್ರಾಕ್ಸಿಮೀಥೈಲ್ ಸೈಟೊಸಿನ್ ಬಳಸಿ ಅದು ಬಹುತೇಕ ನಿರ್ಬಂಧಕ ಕಿಣ್ವಗಳಿಂದ ಪಾರಾಗುತ್ತದೆ. ಈ ಕಿಣ್ವಗಳ ಸಂಶೋಧನೆಗಾಗಿ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಅವರಿಗೆ 1978ರಲ್ಲಿ ನೊಬೆಲ್ ದೊರೆಯಿತು.