ತಲಕಾಡಿನ ಸೇನಾನಿ ಬೇಡಿದ ವರ

ತಲಕಾಡು ಎಂದೊಡನೆ ನಮ್ಮ ನೆನಪಿಗೆ ಬರುವುದು ಮರಳು. ಕಾವೇರಿಯ ದಡದಲ್ಲಿ ದಿಬ್ಬದಿಬ್ಬವಾಗಿ ಹರಡಿಕೊಂಡ ಮರಳು, ಅಲಮೇಲಮ್ಮನ ಶಾಪದ ಕಥೆ, ಪಂಚಲಿಂಗ ದರ್ಶನಕ್ಕೆ ಸೇರುವ ಜನಸಾಗರ, ಇವುಗಳಿಂದಲೇ ಆ ಊರು ನಮಗೆ ಪರಿಚಿತ. ಆದರೆ ತಲಕಾಡಿನ ಇತಿಹಾಸದಲ್ಲಿ ನಾವು ಅಷ್ಟಾಗಿ ನೆನೆಯದ ಇನ್ನೊಂದು ಸಂಗತಿಯಿದೆ. ಅದು ಒಬ್ಬ ಒಡೆಯನ ಮತ್ತು ಅವನ ಉಪ್ಪುಂಡ ಒಬ್ಬ ಸೇವಕನ ಸಂಗತಿ. ಒಡೆಯನ ಆರಾಧ್ಯ ದೈವ ಬೇರೆ, ಸೇವಕನ ಆರಾಧ್ಯ ದೈವ ಬೇರೆ. ನಮ್ಮ ಮನೆಗಳಲ್ಲಿ ಅಡುಗೆ ಮಾಡುವ, ಪಾತ್ರೆ ತೊಳೆಯುವ, ಮಗುವನ್ನು ಆಡಿಸುವ, ಕಾರು ಓಡಿಸುವ ಅನ್ಯಧರ್ಮೀಯ ಸೋದರ ಸೋದರಿಯರೊಡನೆ ನಾವು ಹೇಗೆ ನಡೆದುಕೊಳ್ಳಬೇಕು ಎಂದು ಯೋಚಿಸುವವರು ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ತಲಕಾಡು ಒಂದು ಕಾಲಕ್ಕೆ ಗಂಗ ಅರಸರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅದು ಚೋಳರ ವಶವಾಗಿ ರಾಜರಾಜಪುರ ಎಂಬ ಹೆಸರನ್ನು ಪಡೆಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದ ಆ ನಗರವನ್ನು 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಗೆದ್ದುಕೊಂಡನು. ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿ, ಗೆಲುವಿನ ನೆನಪಿಗೆ ಅಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದನು. ಅರಸನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ಆದರೆ ಅವನಿಗಾಗಿ ತಲಕಾಡಿನ ಕೋಟೆಯನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಜಿನಭಕ್ತ. ಶುಭಚಂದ್ರ ಸಿದ್ಧಾಂತದೇವರ ಶಿಷ್ಯ.

ಗೆದ್ದು ಬಂದ ಸೇನಾನಿಗೆ ಅರಸನು ಮೆಚ್ಚಿ, ಬೇಕಾದ ವರವನ್ನು ಬೇಡಿಕೊಳ್ಳೆಂದನು. ಗಂಗರಾಜನು ತನಗಾಗಿ ಏನನ್ನೂ ಕೇಳಲಿಲ್ಲ. ಗೋವಿಂದವಾಡಿ ಎಂಬ ಊರನ್ನು ಬೇಡಿ ಪಡೆದು, ಶ್ರವಣಬೆಳಗೊಳದ ಗೊಮ್ಮಟದೇವನ ಪೂಜೆಗೆ ಅದನ್ನು ಬಿಟ್ಟುಕೊಟ್ಟನು. ಇನ್ನೊಂದು ಗೆಲುವಿನ ನಂತರ ಪರಮ ಎಂಬ ಊರನ್ನು ಕೇಳಿ, ತನ್ನ ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳಿಗೆ ಅರ್ಪಿಸಿದನು. ಶ್ರವಣಬೆಳಗೊಳದ ಶಾಸನಗಳಲ್ಲಿ ಇದೆಲ್ಲವೂ ದಾಖಲಾಗಿದೆ. ಒಡೆಯನು ತನ್ನ ವಿಷ್ಣುವಿಗೆ ಗುಡಿ ಕಟ್ಟಿಸಿದ, ಸೇವಕನು ಒಡೆಯನಿಂದಲೇ ಪಡೆದ ಊರನ್ನು ತನ್ನ ಜಿನನಿಗೆ ಕೊಟ್ಟ. ಇವನ ಭಕ್ತಿಯನ್ನು ಅವನು ಅವಿಧೇಯತೆ ಎಂದು ಎಣಿಸಲಿಲ್ಲ, ಅವನ ವಿಧೇಯತೆಗಾಗಿ ಇವನು ತನ್ನ ಭಕ್ತಿಯನ್ನು ತೊರೆಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದರ ಅರ್ಚಕರು ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಕೊಂಡೊಯ್ದರು. ಅದೇ ವೇಳೆಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಅರಸನಿಗೆ ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ಅರಸನು ಪ್ರಸಾದವನ್ನು ಗೌರವದಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟು, ದತ್ತಿಯನ್ನೂ ಬಿಟ್ಟನು. ಸತ್ತ ಸೇವಕನ ದೇವರ ಪ್ರಸಾದವನ್ನು ಒಡೆಯನು ಕೈನೀಡಿ ಪಡೆದ ಈ ಘಟನೆ ನಡೆದು ಒಂಬತ್ತು ಶತಮಾನಗಳಾಗುತ್ತ ಬಂದರೂ ನಮಗೆ ಇಂದಿಗೂ ಏನನ್ನೋ ಹೇಳುತ್ತಿದೆ ಅಲ್ಲವೇ?

ನೀವು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ‘ಗಂಗರಾಜನು ಸಾಮಾನ್ಯನೇ? ಅವನ ಕೈಯಲ್ಲಿ ಸೈನ್ಯವಿತ್ತು. ಅಂಥವನ ಧರ್ಮವನ್ನು ಗೌರವಿಸುವುದು ಅರಸನಿಗೆ ಅನಿವಾರ್ಯವಾಗಿತ್ತು. ನಮ್ಮ ಮನೆಯ ಮುಸುರೆ ತಿಕ್ಕುವ ಹೆಣ್ಣುಮಗಳಿಗೂ ಅವನಿಗೂ ಎಲ್ಲಿಯ ಹೋಲಿಕೆ?’ ಈ ಆಕ್ಷೇಪ ಸರಿಯಾದುದು. ಬಲವಂತನ ಧರ್ಮವನ್ನು ಎಲ್ಲರೂ ಗೌರವಿಸುತ್ತಾರೆ. ವರವನ್ನು ಬೇಡು ಎಂದು ಯಾರೂ ಹೇಳದ, ಹೇಳಿದರೂ ಬೇಡಲು ಅಂಜುವ ಮನುಷ್ಯರ ಧರ್ಮವನ್ನು ಗೌರವಿಸುವುದರಲ್ಲಿಯೇ ನಮ್ಮ ನಿಜವಾದ ಪರೀಕ್ಷೆಯಿದೆ.

ಬಲವಿಲ್ಲದವರ ಪಾಡನ್ನು ಒಳಗೊಂಡ ಇನ್ನೊಂದು ಪ್ರಸಂಗವೂ ಅದೇ ಶ್ರವಣಬೆಳಗೊಳದ ಕಲ್ಲಿನ ಮೇಲಿದೆ. 1368ರಲ್ಲಿ ಜೈನರು ತಮಗೆ ವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಈ ಮಾತು ಎಲ್ಲರಿಗೂ ಗೊತ್ತು. ಅದರ ಮುಂದಿನ ಏರ್ಪಾಡು ಅಷ್ಟು ಪ್ರಸಿದ್ಧವಲ್ಲ. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು, ತಿರುಮಲೆಯ ತಾತಯ್ಯನವರು ಆ ಹಣದಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಾಯುವವರನ್ನು ನೇಮಿಸಿದವರು ವೈಷ್ಣವರು, ಕೂಲಿ ಕೊಟ್ಟವರು ಜೈನರು, ಕಾವಲು ಸಿಕ್ಕಿದ್ದು ಗೊಮ್ಮಟನಿಗೆ. ಭೇದವಿಲ್ಲ ಎಂಬ ಸಿಹಿಮಾತು ಸಾಲದು, ಅದು ಕೂಲಿಯಲ್ಲಿ, ಕೆಲಸದಲ್ಲಿ, ಗೋಡೆಯ ಸುಣ್ಣದಲ್ಲಿ ಕಾಣಿಸಬೇಕು ಎಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು.

ಹಾಗೆಂದು ನಮ್ಮ ಸೀಮೆಯ ಇತಿಹಾಸವೆಲ್ಲ ಇಂಥ ಸೌಹಾರ್ದದ ಕಥೆಯೇ ಎಂದು ನಂಬಿದರೆ ನಾವು ಮೋಸಹೋದಂತೆ. ತಲಕಾಡಿಗೆ ದೂರವಲ್ಲದ ನಂಜನಗೂಡಿನಲ್ಲಿ ಒಂದು ಐತಿಹ್ಯವಿದೆ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣುಬೇನೆ ಶ್ರೀಕಂಠೇಶ್ವರನ ಕೃಪೆಯಿಂದ ವಾಸಿಯಾಯಿತೆಂದೂ ಅವನು ಆ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಜನ ಇಂದಿಗೂ ಹೇಳುತ್ತಾರೆ. ಅದೇ ಅರಸನ ಆಳ್ವಿಕೆಯಲ್ಲಿ, 1784ರಲ್ಲಿ, ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತರಲಾಯಿತು. ಅನೇಕ ತರುಣರನ್ನು ಬಲವಂತವಾಗಿ ಮತಾಂತರಿಸಿ ಸೈನ್ಯದ ಸೇವೆಗೆ ಹಚ್ಚಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದ ಫ್ರೆಂಚ್ ಗುರು ಅಬ್ಬೆ ದುಬೊವಾ ಅವರು ಬಂದು, ಚದುರಿಹೋಗಿದ್ದ ಈ ಭಕ್ತರನ್ನು ಮತ್ತೆ ಒಗ್ಗೂಡಿಸಬೇಕಾಯಿತು. ಒಬ್ಬನೇ ಒಡೆಯ ಒಂದು ದೇವಾಲಯಕ್ಕೆ ಕೊಡುಗೆ ಕೊಡಬಲ್ಲ, ತನ್ನ ಕೈಕೆಳಗೆ ಸಿಕ್ಕವರ ನಂಬಿಕೆಯನ್ನು ಕಿತ್ತುಕೊಳ್ಳಲೂ ಬಲ್ಲ. ತನ್ನ ಅಧೀನದಲ್ಲಿರುವವನಿಗೆ ಒಡೆಯನು ಏನು ಮಾಡಿದನೆಂಬುದೇ ಅವನ ಔದಾರ್ಯಕ್ಕೆ ಅಳತೆಗೋಲು.

ನಮ್ಮ ಕಾಲಕ್ಕೆ ಹತ್ತಿರವಾದ ಒಂದು ಉದಾಹರಣೆಯನ್ನು ಮೈಸೂರಿನ ಅರಮನೆಯಲ್ಲಿ ಕಾಣುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರು ನಿಷ್ಠಾವಂತ ಹಿಂದೂಗಳು. ಅವರ ಬಾಲ್ಯದ ಸಹಪಾಠಿ ಮಿರ್ಜಾ ಇಸ್ಮಾಯಿಲ್ ಅರಮನೆಯ ಕಾರ್ಯದರ್ಶಿಯಾಗಿದ್ದು, 1926ರಿಂದ 1941ರವರೆಗೆ ದಿವಾನರಾಗಿದ್ದರು. ಅರಸರ ಹುಜೂರು ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಕಥೋಲಿಕ ಕ್ರೈಸ್ತರು. ಸಂತ ಫಿಲೋಮಿನಾರ ಪವಿತ್ರ ಅವಶೇಷವನ್ನು 1926ರಲ್ಲಿ ಮೈಸೂರಿಗೆ ದೊರಕಿಸಿಕೊಟ್ಟವರು ಅವರೇ. ಆ ಸಂತರ ಹೆಸರಿನ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲನ್ನಿಟ್ಟವರು ಸ್ವತಃ ಮಹಾರಾಜರು. ಅದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿಯೇ ಒಂದು ಇಗರ್ಜಿಯನ್ನು ಕಟ್ಟಿಸಿಕೊಟ್ಟಿದ್ದರು. ಸೇವೆಯಲ್ಲಿರುವವನ ಭಕ್ತಿಗೆ ಒಡೆಯನು ಹೆಗಲು ಕೊಟ್ಟ ಕುರುಹು ಇಂದಿಗೂ ಮೈಸೂರಿನ ಆಕಾಶದಲ್ಲಿ ಎರಡು ಗೋಪುರಗಳಾಗಿ ನಿಂತಿದೆ.

ಅರಮನೆಯಿಂದ ಈಗ ನಮ್ಮ ಅಡುಗೆಮನೆಗೆ ಬರೋಣ. ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ 2004ರಲ್ಲಿ ದರ ನಿಗದಿಪಡಿಸಿದ ಕರ್ನಾಟಕವು ಈ ವಿಷಯದಲ್ಲಿ ಮುಂಚೂಣಿಯ ರಾಜ್ಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರ ಜೂನ್ 16ರಂದು ಅಂಗೀಕರಿಸಿದ 189ನೆಯ ಒಡಂಬಡಿಕೆಯು ಮನೆಗೆಲಸದವರಿಗೆ ವಾರಕ್ಕೆ ಒಮ್ಮೆ ಕನಿಷ್ಠ 24 ಗಂಟೆಗಳ ಸತತ ವಿಶ್ರಾಂತಿಯನ್ನು ಹೇಳುತ್ತದೆ. ಭಾರತವು ಅದನ್ನು ಅಂಗೀಕರಿಸಿದ ದೇಶಗಳಲ್ಲಿ ಸೇರಿಲ್ಲ. ಆದರೆ ಒಬ್ಬ ಗೃಹಿಣಿ ತನ್ನ ಮನೆಯಲ್ಲಿ ಅದನ್ನು ಪಾಲಿಸುವುದಕ್ಕೆ ಯಾವ ಸರ್ಕಾರದ ಸಹಿಯೂ ಬೇಕಾಗಿಲ್ಲ. ರಜೆಯಿಲ್ಲದವರಿಗೆ ಹಬ್ಬವೆಲ್ಲಿ? ಹಬ್ಬವಿಲ್ಲದವರ ಧರ್ಮಸ್ವಾತಂತ್ರ್ಯಕ್ಕೆ ಅರ್ಥವೆಲ್ಲಿ?

ನಂಜನಗೂಡಿನ ದೊಡ್ಡ ಜಾತ್ರೆಗೋ ಮುಡುಕುತೊರೆಯ ಜಾತ್ರೆಗೋ ಹೋಗಬೇಕೆಂದು ಕೆಲಸದಾಕೆ ಕೇಳಿದಾಗ, ಅವಳು ಕೇಳುತ್ತಿರುವುದು ವಿಹಾರಕ್ಕೆ ಬಿಡುವನ್ನಲ್ಲ, ತನ್ನ ಆರಾಧನೆಗೆ ಸಮಯವನ್ನು. ಅದಕ್ಕೆ ಕೂಲಿ ಕಡಿತಗೊಳಿಸುವವರು, ಶುಭ ಶುಕ್ರವಾರದಂದು ಕಚೇರಿಯಲ್ಲಿ ತಮಗೆ ರಜೆ ಸಿಗದಿದ್ದರೆ ಎಷ್ಟು ನೋಯುತ್ತಾರೆಂಬುದನ್ನು ಯೋಚಿಸಲಿ. ಸೋಮವಾರ ಮಾಂಸವನ್ನು ಮುಟ್ಟದವಳಿಂದ ಅಂದು ಮಾಂಸ ತೊಳೆಸುವ, ಕೆಲವು ಮಾಂಸವನ್ನು ಎಂದಿಗೂ ಮುಟ್ಟದವಳಿಂದ ಅದರ ಪಾತ್ರೆಯನ್ನು ತಿಕ್ಕಿಸುವ ಅಗತ್ಯವಾದರೂ ಏನು? ಆ ಒಂದು ಪಾತ್ರೆಯನ್ನು ನಾವೇ ತೊಳೆದಿಟ್ಟರೆ ನಮ್ಮ ಕೈ ಸವೆಯುವುದಿಲ್ಲ. ಕೆಲಸಕ್ಕೆ ಸೇರುವ ದಿನವೇ ‘ನಿಮಗೆ ಯಾವುದು ಆಗದು, ಯಾವ ದಿನ ಬಿಡುವು ಬೇಕು’ ಎಂದು ಕೇಳಿಬಿಟ್ಟರೆ, ಮುಂದೆ ಅವರು ಸಂಕೋಚದಿಂದ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ಅವರಿಗೆಂದು ಬಚ್ಚಲ ಬದಿಯಲ್ಲಿ ಬೇರೆ ಲೋಟ, ಬೇರೆ ತಟ್ಟೆ ಇಡುವ ಪದ್ಧತಿಯನ್ನಂತೂ ಯಾವ ಧರ್ಮದ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಅದು ಧರ್ಮಭೇದದ ವೇಷ ತೊಟ್ಟ ಜಾತಿಭೇದ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಮ್ಮವರೇ ಎಷ್ಟೋ ಮಂದಿ ಅನ್ಯಧರ್ಮೀಯರ ಮನೆಗಳಲ್ಲಿ ದುಡಿಯುತ್ತಾರೆ. ಯಜಮಾನರನ್ನು ಗುಡಿಗೆ ಕರೆದೊಯ್ಯುವ ಚಾಲಕ, ಪೂಜೆಗೆ ಹೂ ಬಿಡಿಸಿಡುವ ಹೆಣ್ಣುಮಗಳು, ಇವರ ಮನಸ್ಸಿನ ತಳಮಳ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಅರಸರ ಎರಡನೆಯ ಗ್ರಂಥದಲ್ಲಿ ಬರುವ ಸಿರಿಯಾದ ನಾಮಾನನು ಗಂಗರಾಜನಂತೆಯೇ ಸೇನಾನಿ. ಕುಷ್ಠರೋಗದಿಂದ ಗುಣಹೊಂದಿ ಇಸ್ರಯೇಲಿನ ದೇವರನ್ನು ನಂಬಿದ ಮೇಲೆ ಅವನನ್ನು ಒಂದು ಚಿಂತೆ ಕಾಡುತ್ತದೆ. ಅವನ ಅರಸನು ರಿಮ್ಮೋನನ ಗುಡಿಯಲ್ಲಿ ಇವನ ಕೈಯನ್ನು ಆಧರಿಸಿ ಅಡ್ಡಬೀಳುವಾಗ ಇವನೂ ಬಾಗಬೇಕಾಗುತ್ತದೆ. ಅದಕ್ಕೆ ಕ್ಷಮೆಯುಂಟೇ? ಪ್ರವಾದಿ ಎಲೀಷನು ಗದರಿಸಲಿಲ್ಲ, ಶಾಂತಿಯಿಂದ ಹೋಗೆಂದು ಕಳುಹಿಸಿಕೊಟ್ಟನು. ಸೇವೆಗಾಗಿ ಬಾಗುವ ಬೆನ್ನನ್ನೂ ಆರಾಧನೆಗಾಗಿ ಬಾಗುವ ಮನಸ್ಸನ್ನೂ ದೇವರು ಬೇರೆಬೇರೆಯಾಗಿ ಕಾಣಬಲ್ಲರು. ಅದೇ ಕಥೆಯಲ್ಲಿ, ಗುಣಹೊಂದುವ ದಾರಿಯನ್ನು ಮೊದಲು ತೋರಿಸಿದವಳು ನಾಮಾನನ ಮನೆಯಲ್ಲಿ ಊಳಿಗಕ್ಕಿದ್ದ ಸೆರೆಯ ಬಾಲೆ. ಮನೆಯೊಡತಿ ಅವಳ ಮಾತಿಗೆ ಕಿವಿಗೊಟ್ಟಳು ಎಂಬುದನ್ನು ನಾವು ಗಮನಿಸಬೇಕು.

ಹಾಗಾದರೆ ನಮ್ಮ ಮನೆಯಲ್ಲಿ ದುಡಿಯುವವರಿಗೆ ನಮ್ಮ ವಿಶ್ವಾಸದ ಮಾತನ್ನು ಹೇಳಲೇಬಾರದೇ ಎಂದು ಕೆಲವರು ಕೇಳಬಹುದು. ಅವರಾಗಿ ಕೇಳಿದರೆ ಹೇಳೋಣ. ಆದರೆ ಸಂಬಳ ಕೊಡುವ ಕೈಯೇ ಧರ್ಮದ ಆಹ್ವಾನವನ್ನೂ ಕೊಟ್ಟಾಗ, ಒಲ್ಲೆ ಎನ್ನುವ ಸ್ವಾತಂತ್ರ್ಯ ಎಷ್ಟು ಜನಕ್ಕೆ ಉಳಿದೀತು? ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಈ ಅಪಾಯವನ್ನು ಬಲ್ಲದು. ವಿಶ್ವಾಸವನ್ನು ಹರಡುವಾಗ ಒತ್ತಾಯದ ಛಾಯೆಯೂ ಇರಬಾರದು, ಬಡವರ ಮತ್ತು ಅಕ್ಷರವಿಲ್ಲದವರ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು ಎಂಬುದು ಅದರ ತಾತ್ಪರ್ಯ. ಸಂಜೆಯ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಕೆಲಸದಾಕೆ ಮನೆಯಲ್ಲಿದ್ದರೆ, ಇರುವುದೋ ಹೊರಡುವುದೋ ಅವಳ ಇಚ್ಛೆಗೆ ಬಿಟ್ಟಿರಲಿ. ಕ್ರಿಸ್ತ ಜಯಂತಿಯ ಹೊಸ ಸೀರೆಯನ್ನು ಕೊಡುವುದಾದರೆ ಯಾವ ಷರತ್ತೂ ಇಲ್ಲದೆ ಕೊಡೋಣ, ಅವಳು ಅದನ್ನುಟ್ಟು ಸಂತೋಷವಾಗಿ ನಂಜುಂಡೇಶ್ವರನ ತೇರಿಗೆ ಹೋಗಲಿ. ಗೋವಿಂದವಾಡಿಯನ್ನು ಕೊಟ್ಟ ವಿಷ್ಣುವರ್ಧನನು, ಅದು ಗೊಮ್ಮಟನಿಗೆ ಸಲ್ಲುವುದೆಂದು ತಿಳಿದೂ ಕೊಟ್ಟನು.

ತಲಕಾಡಿನ ಗೆಲುವಿಗೆ ಸಿಕ್ಕ ಪ್ರತಿಫಲವನ್ನು ಆ ಸೇನಾನಿ ತನ್ನ ದೇವರಿಗೆ ಮುಡಿಪಾಗಿಟ್ಟನು, ಒಡೆಯನು ಅದಕ್ಕೆ ಅಡ್ಡಬರಲಿಲ್ಲ. ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಬೆಳಗ್ಗೆ ಒಳಬರುವವರಿಗೆ ವರವನ್ನು ಬೇಡುವ ಧೈರ್ಯವಿಲ್ಲ. ಆದುದರಿಂದ ಅವರು ಬೇಡುವ ಮೊದಲೇ ನಾವು ಕೇಳೋಣ: ‘ನಿಮ್ಮ ಹಬ್ಬ ಯಾವಾಗ?’ ಪ್ರಿಯ ಓದುಗರೇ, ಈ ವಾರವೇ ಆ ಪ್ರಶ್ನೆಯನ್ನು ಕೇಳುವಿರಾ?